ನಲವತ್ತು ಪಾಯಿಂಟಿನ ರಾಯರು

"ಏನೂ ಚಿಂತೆ ಮಾಡ್ಬೇಡಿ ಸಾರ್, 40 ಪಾಯಿಂಟ್ ಆದ್ರೆ ಸೇಫು."

ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಶುರುವಾದ ಮೊದಲ ಶನಿವಾರವೇ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಯಾರೆಂದು ತಿರುಗಿ ನೋಡಬೇಕಾಗಿಲ್ಲ. ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿ ಮ್ಯಾಚ್ ನೋಡುವ ಕಡೆಯಲ್ಲೆಲ್ಲ ಇಂಥ ಒಬ್ಬರು ಇದ್ದೇ ಇರುತ್ತಾರೆ. ಹೆಸರು ಯಾಕೆ, ರಾಯರು ಅನ್ನೋಣ. ರಾಯರ ಸ್ವಂತ ಟೀಮು ಮ್ಯಾಂಚೆಸ್ಟರ್ ಯುನೈಟೆಡ್. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿದಾಗಿನಿಂದ ಒಮ್ಮೆಯೂ ಕೆಳಗಿಳಿಯದ ಟೀಮು. (ಯುನೈಟೆಡ್ ಇಳಿದ 1974ರ ಸುದ್ದಿ ಎತ್ತಬೇಡಿ, ರಾಯರು ಎದ್ದು ಹೋಗುತ್ತಾರೆ.) ಆದರೂ ಅವರ ತಲೆ ತುಂಬ ರೆಲಿಗೇಶನ್ನೇ, ಅಂದರೆ ಪಟ್ಟಿಯ ತಳದವರು ಕೆಳಗಿನ ಡಿವಿಷನ್‌ಗೆ ಇಳಿಯುವುದೇ. ಲೂಟನ್ ಏನಾಗುತ್ತೆ, ಇಪ್ಸ್‌ವಿಚ್ ಉಳಿಯುತ್ತಾ, ಬರ್ನ್ಲಿಗೆ ಗೋಲು ಹೊಡೆಯೋರು ಯಾರು. ಊರ ಚಿಂತೆ ಮಾಡಿ ಮುಲ್ಲಾ ಸೊರಗಿದನಂತೆ. ನಮ್ಮ ರಾಯರು ಸೊರಗುವುದೂ ಇಲ್ಲ, ಒಂದು ಪ್ಲೇಟ್ ಗೋಬಿ ಮಂಚೂರಿ ಎದುರಿಗಿಟ್ಟುಕೊಂಡೇ ಚಿಂತಿಸುತ್ತಾರೆ.

ಮೊದಲು ಆ 40ರ ಕಥೆ ಮುಗಿಸಿಬಿಡೋಣ. ಲೀಗಿನಲ್ಲಿ 20 ಟೀಮು, ಒಬ್ಬೊಬ್ಬರಿಗೆ 38 ಪಂದ್ಯ, ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಕೊನೆಯ ಮೂವರು ಕೆಳಗೆ, ಅವರ ಜಾಗಕ್ಕೆ ಕೆಳಗಿನಿಂದ ಮೂವರು ಮೇಲೆ. 40 ಪಾಯಿಂಟ್ ಆದರೆ ಉಳಿವು ಖಾತ್ರಿ ಎಂದು ಯಾವ ನಿಯಮದಲ್ಲೂ ಬರೆದಿಲ್ಲ. 1997ರಲ್ಲಿ ಸಂಡರ್‌ಲೆಂಡ್ ಸರಿಯಾಗಿ 40 ಗಳಿಸಿ ಇಳಿಯಿತು. ಮರುವರ್ಷ ಬೋಲ್ಟನ್ ಕೂಡ 40 ಗಳಿಸಿ, ಅಷ್ಟೇ ಪಾಯಿಂಟಿದ್ದ ಎವರ್ಟನ್ ಎದುರು ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲಿನಿಂದ ತಿಂದ ಗೋಲು ಕಳೆದ ಲೆಕ್ಕ) ಸೋತು ಇಳಿಯಿತು. 2003ರಲ್ಲಿ ವೆಸ್ಟ್ ಹ್ಯಾಮ್ 42 ಗಳಿಸಿಯೂ ಇಳಿಯಿತು. ಇನ್ನೊಂದು ಕಡೆ, 2005ರಲ್ಲಿ ವೆಸ್ಟ್ ಬ್ರಾಮ್ 34ಕ್ಕೇ ಉಳಿದುಕೊಂಡಿತು. 2024ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದಿಂದ ಹಣಕಾಸಿನ ನಿಯಮ ಮೀರಿದ್ದಕ್ಕೆ 4 ಪಾಯಿಂಟ್ ಕಿತ್ತುಕೊಂಡ ಮೇಲೂ ಅದು 32ಕ್ಕೆ ಉಳಿಯಿತು. 2024-25ರಲ್ಲಿ 18ನೇ ಸ್ಥಾನದ ಲೆಸ್ಟರ್ ಗಳಿಸಿದ್ದು 25. ಅಂದರೆ ಆ ವರ್ಷ 26 ಸಾಕಿತ್ತು. ಅದೇ ವರ್ಷ ರಾಯರ ಯುನೈಟೆಡ್ 42 ಗಳಿಸಿ 15ನೇ ಸ್ಥಾನಕ್ಕೆ ಬಂತು. ವೆಸ್ಟ್ ಹ್ಯಾಮನ್ನು ಮುಳುಗಿಸಿದ ಅದೇ 42! ಇದನ್ನು ರಾಯರಿಗೆ ಹೇಳಿದರೆ "ಅದು ಬೇರೆ ಲೆಕ್ಕ" ಅನ್ನುತ್ತಾರೆ.

ಅವರ ಲೆಕ್ಕ ಎಂಥದ್ದು ಅನ್ನುವುದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಹೊಸದಾಗಿ ಮೇಲೆ ಬಂದ ಟೀಮಿನ ವೇಳಾಪಟ್ಟಿ ಮೊಬೈಲಿನಲ್ಲಿ ತೆಗೆಯುತ್ತಾರೆ. ಬಿಲ್ಲಿನ ಹಿಂಬದಿ, ಒಂದು ಪೆನ್ನು. ಮೊದಲು ತವರಿನ 19 ಪಂದ್ಯ: ಕೆಳಗಿನ ಅರ್ಧದ ಟೀಮುಗಳ ಮೇಲೆ 8 ಗೆಲುವು, 24. ನಡುವಿನವರ ಜೊತೆ 5 ಡ್ರಾ, 29. ಆಮೇಲೆ ಹೊರಗಿನ 19: "3 ಗೆಲ್ಲಲ್ವಾ? ಗೆಲ್ತಾರೆ" ಅಂತ 9, ಐದು ಡ್ರಾ, ಒಟ್ಟು 43. "ನೋಡಿ, ಮೂರು ಪಾಯಿಂಟ್ ಉಳಿತಾಯ ಬೇರೆ!" ಮತ್ತೊಂದು ಬಿಲ್ಲು ತರಿಸಿ ಎರಡನೇ ಟೀಮಿಗೆ ಇದೇ ಸೇವೆ, 41. ಮೂರನೆಯದಕ್ಕೂ ಆಯಿತು. ಮೂವರೂ ಪಾಸು. ಹಾಗಾದರೆ ಇಳಿಯುವವರು ಯಾರು ಎಂದು ಕೇಳಿದರೆ ನಾಲ್ಕನೇ ಬಿಲ್ಲು ಹುಡುಕುತ್ತಾರೆ.

ಎಡವಟ್ಟಾಗುವುದು ಎಲ್ಲಿ ಎಂದರೆ, ಒಂದೇ ಪಂದ್ಯ ಎರಡು ಬಿಲ್ಲಿನಲ್ಲಿ ಎರಡು ಥರ ನಡೆದಿರುತ್ತದೆ. ಲೀಡ್ಸ್‌ನ ಬಿಲ್ಲಿನಲ್ಲಿ "ಬರ್ನ್ಲಿಯಲ್ಲಿ ಡ್ರಾ" ಅಂತ ಒಂದು ಪಾಯಿಂಟ್, ಬರ್ನ್ಲಿಯ ಬಿಲ್ಲಿನಲ್ಲಿ "ಲೀಡ್ಸ್ ವಿರುದ್ಧ ತವರಿನಲ್ಲಿ ಗೆಲುವು" ಅಂತ ಮೂರು. ಒಂದು ಪಂದ್ಯದಿಂದ ಹೆಚ್ಚೆಂದರೆ ಮೂರು ಪಾಯಿಂಟ್ ಹುಟ್ಟುವುದು. ರಾಯರ ಲೀಗಿನಲ್ಲಿ ನಾಲ್ಕು ಹುಟ್ಟುತ್ತದೆ. ಹೀಗೆ ಬಿಟ್ಟರೆ ಇಪ್ಪತ್ತಕ್ಕೆ ಇಪ್ಪತ್ತೂ ಟೀಮು ಉಳಿದುಕೊಂಡು, ಮುಂದಿನ ವರ್ಷ 23 ಟೀಮಿನ ಲೀಗ್ ಮಾಡಬೇಕಾಗುತ್ತದೆ.

ಸರಿಯಾಗಿ ಅಂದಾಜು ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ಹತ್ತು ಪಂದ್ಯ ಆಗಲಿ, ಬಂದ ಪಾಯಿಂಟನ್ನು 3.8ರಿಂದ ಗುಣಿಸಿ. ಎಂಟು ಬಂದಿದ್ದರೆ ಸುಮಾರು 30. ಆ ಹತ್ತರಲ್ಲಿ ತವರಿನವು ಎಷ್ಟು, ದೊಡ್ಡವರ ವಿರುದ್ಧ ಎಷ್ಟು ಎಂದು ನೋಡಿ ಎರಡು ಮೂರು ಅಂಕ ಅತ್ತಿತ್ತ ಮಾಡಿಕೊಳ್ಳಿ. ಆಮೇಲೆ ನೋಡಬೇಕಾದದ್ದು 40ರ ಗೆರೆಯನ್ನಲ್ಲ, 18ನೇ ಸ್ಥಾನದಲ್ಲಿರುವವರ ವೇಗವನ್ನು. ಅವರು ನಿಮಗಿಂತ ಕುಂಟುತ್ತಿದ್ದರೆ ಸಾಕು. ಗೋಲು ವ್ಯತ್ಯಾಸದ ಮೇಲೂ ಒಂದು ಕಣ್ಣಿರಲಿ, ಪಾಯಿಂಟ್ ಸಮವಾದರೆ ಮೊದಲು ಎಣಿಸುವುದು ಅದನ್ನೇ. 2024ರ ಮೇ 19ರಂದು, ಕೊನೆಯ ದಿನ, ಫಾರೆಸ್ಟ್‌ಗೂ ಲೂಟನ್‌ಗೂ ನಡುವೆ 3 ಪಾಯಿಂಟ್, 12 ಗೋಲು. ಲೂಟನ್ ಗೆದ್ದು, ಫಾರೆಸ್ಟ್ ಸೋತು, ಎರಡೂ ಸೇರಿ 12 ಗೋಲು ಏರುಪೇರಾಗಬೇಕು. ಅಂದು ರಾತ್ರಿಯೂ "ಆರು–ಆರು ಹಂಚ್ಕೊಂಡ್ರೆ ಆಯ್ತಲ್ಲ" ಅಂದ ರಾಯರುಗಳು ಈ ಊರಿನಲ್ಲಿದ್ದಾರೆ. ಲೂಟನ್ ತನ್ನ ಮನೆಯಲ್ಲೇ 2-4ರಲ್ಲಿ ಸೋತಿತು.

ಲೆಕ್ಕ ಒಂದು ಕಾಟವಾದರೆ, ಆಟದ ಶೈಲಿಯ ಜಗಳ ಇನ್ನೊಂದು. ಇಲ್ಲಿ ರಾಯರಿಗೆ ಎದುರಾಳಿಯಾಗಿ ಒಬ್ಬ ತರುಣ ಇರುತ್ತಾನೆ. ಅವನ ಬಾಯಲ್ಲಿ 'ಫಿಲಾಸಫಿ' ಅನ್ನುವ ಪದ ಶಂಕರ ಜಯಂತಿಯ ಭಾಷಣಕ್ಕಿಂತ ಹೆಚ್ಚು ಬರುತ್ತದೆ. ಗೋಲ್‌ಕೀಪರ್ ಉದ್ದಕ್ಕೆ ಒದ್ದರೆ ಇವನಿಗೆ ಮುಜುಗರ. ಹಿಂದಿನಿಂದ ಸಣ್ಣ ಸಣ್ಣ ಪಾಸಿನಲ್ಲಿ ಕಟ್ಟಿಕೊಂಡು ಬರಬೇಕಂತೆ.

ಈ ಚಟಕ್ಕೆ ಇಂಬು ಕೊಟ್ಟದ್ದು 2019ರ ನಿಯಮ ಬದಲಾವಣೆ. ಮೊದಲು ಗೋಲ್ ಕಿಕ್ ತೆಗೆದರೆ ಚೆಂಡು ಪೆನಾಲ್ಟಿ ಬಾಕ್ಸ್ ದಾಟಿದ ಮೇಲೇ ಆಟ ಶುರು. ಈಗ ಒದ್ದ ಕೂಡಲೇ ಶುರು; ಬಾಕ್ಸಿನೊಳಗೇ ಸ್ವಂತ ಡಿಫೆಂಡರ್‌ಗೆ ಕೊಡಬಹುದು. ಆಗುವುದೇನೆಂದರೆ: ಕೀಪರ್ ಚೆಂಡಿಡುತ್ತಾನೆ, ಅವನ ಎಡಬಲಕ್ಕೆ ಇಬ್ಬರು ಸೆಂಟರ್ ಬ್ಯಾಕ್‌ಗಳು. ಒಬ್ಬನಿಗೆ ಪಾಸ್. ಅವನು ಮತ್ತೆ ಕೀಪರಿಗೆ. ಎದುರಾಳಿ ಸ್ಟ್ರೈಕರ್ ಇನ್ನೂ ಓಡುತ್ತಿಲ್ಲ, ಕಾಯುತ್ತಿದ್ದಾನೆ. ಅವನು ಕಾಯುವುದು ಮೂರರಲ್ಲಿ ಒಂದಕ್ಕೆ: ಚೆಂಡು ಗೆರೆಯ ಬದಿಯ ಫುಲ್ ಬ್ಯಾಕ್ ಕಡೆ ಹೋಗಬೇಕು, ಇಲ್ಲವೇ ಯಾರದಾದರೂ ಮೊದಲ ಸ್ಪರ್ಶ ಉದ್ದವಾಗಬೇಕು, ಇಲ್ಲವೇ ತನ್ನದೇ ಗೋಲಿಗೆ ಮುಖಮಾಡಿ ನಿಂತ ಮಿಡ್‌ಫೀಲ್ಡರ್‌ಗೆ ಪಾಸ್ ಬೀಳಬೇಕು. ಮೂರನೆಯದು ಸಿಕ್ಕರಂತೂ ಹಬ್ಬ. ಹಿಂದೆ ಯಾರು ಬರುತ್ತಿದ್ದಾರೆಂದು ಆ ಪುಣ್ಯಾತ್ಮನಿಗೆ ಕಾಣುವುದಿಲ್ಲ. ಇಕ್ಕಳ ಸಿಗದೆ ಬಿಸಿ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ಚೆಂಡು ಗೋಲಿನೆದುರಿನ ಆರು ಗಜದೊಳಗೇ ಸುತ್ತುತ್ತದೆ, ಕೊನೆಗೆ ಯಾರೋ ಒಬ್ಬ ಬೀಳಿಸುತ್ತಾನೆ.

2024ರ ಆಗಸ್ಟ್ 17, ನ್ಯೂಕಾಸಲ್. ಸೌತಾಂಪ್ಟನ್ ಮೇಲೆ ಬಂದ ಮೊದಲ ಪಂದ್ಯ. 28ನೇ ನಿಮಿಷಕ್ಕೇ ನ್ಯೂಕಾಸಲ್‌ನ ಶಾರ್‌ಗೆ ಕೆಂಪು ಕಾರ್ಡು. ಎದುರಿಗೆ ಹತ್ತೇ ಜನ, ಮುಂದೆ ಒಂದು ಗಂಟೆಯ ಆಟ. ಇಷ್ಟು ಅದೃಷ್ಟ ಮೊದಲ ದಿನವೇ ಯಾರಿಗೆ ಸಿಗುತ್ತದೆ? ಆದರೂ ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಕೀಪರ್ ಮೆಕಾರ್ಥಿ, ತನ್ನ ಬಾಕ್ಸಿನೊಳಗಿಂದ, ಶೈಲಿ ಬಿಡದೆ, ನೆಲಕ್ಕಂಟಿಸಿ ಒಂದು ಪಾಸ್ ಕೊಟ್ಟ. ಕೊಟ್ಟದ್ದು ನ್ಯೂಕಾಸಲ್‌ನ ಐಸಾಕ್‌ಗೆ. ಅವನಿಂದ ಜೋಲಿಂಟನ್‌ಗೆ, ಅಲ್ಲಿಂದ ಬಲೆಗೆ. ಉಳಿದ 45 ನಿಮಿಷ ಚೆಂಡೆಲ್ಲ ಸೌತಾಂಪ್ಟನ್ ಹತ್ತಿರ, ಗೆಲುವು ಹತ್ತು ಜನರ ಹತ್ತಿರ. "ಆದ್ರೆ ಪೊಸೆಶನ್ ನೋಡಿ" ಅಂದ ನಮ್ಮ ತರುಣ. ಪೊಸೆಶನ್‌ಗೆ ಪಾಯಿಂಟ್ ಕೊಡುವ ಪದ್ಧತಿ ಇನ್ನೂ ಬಂದಿಲ್ಲ. ಡಿಸೆಂಬರ್ 15ಕ್ಕೆ ಟಾಟನ್‌ಹ್ಯಾಮ್ ಎದುರು ಅರ್ಧ ಸಮಯಕ್ಕೇ 0-5; ಅಂದೇ ಮ್ಯಾನೇಜರ್ ರಸೆಲ್ ಮಾರ್ಟಿನ್ ಮನೆಗೆ. 16 ಪಂದ್ಯಕ್ಕೆ 5 ಪಾಯಿಂಟ್. ಸೀಸನ್ ಮುಗಿದಾಗ 12, ಡರ್ಬಿಯ 2007-08ರ ದಾಖಲೆಗಿಂತ ಒಂದೇ ಒಂದು ಜಾಸ್ತಿ.

ಕೆಳಗಿನ ಡಿವಿಷನ್ ಆದ ಚಾಂಪಿಯನ್‌ಶಿಪ್‌ನಲ್ಲಿ ಈ ಆಟ ನಡೆಯುತ್ತದೆ ಎನ್ನುವುದೇ ಮೋಸ. ಅಲ್ಲಿ ಇವರು ದೊಡ್ಡವರು. ಎದುರಾಳಿಗಳು ಹಿಂದೆ ಸರಿದು ಗೋಡೆ ಕಟ್ಟುತ್ತಾರೆ, ಸೆಂಟರ್ ಬ್ಯಾಕ್‌ಗೆ ತಲೆಯೆತ್ತಿ ನೋಡಲು ಪುರಸೊತ್ತಿರುತ್ತದೆ. ಮೇಲೆ ಬಂದರೆ ಆ ಪುರಸೊತ್ತು ಅರ್ಧವಾಗುತ್ತದೆ, ಮೈಮೇಲೆ ಬರುವವನ ಓಟ ಎರಡರಷ್ಟಾಗುತ್ತದೆ, ತಪ್ಪಿದರೆ ಅವನು ಗೋಲು ಬಿಡುವುದೂ ಇಲ್ಲ. ಮ್ಯಾನೇಜರ್ ವಿನ್ಸೆಂಟ್ ಕಾಂಪನಿಯ ಬರ್ನ್ಲಿ 2022-23ರಲ್ಲಿ 46 ಪಂದ್ಯಕ್ಕೆ 101 ಪಾಯಿಂಟ್ ಗಳಿಸಿ ಮೇಲೆ ಬಂತು, ಮರುವರ್ಷ 24ಕ್ಕೆ ಇಳಿಯಿತು. ಟೀಮನ್ನು ಇಳಿಸಿದ ಕಾಂಪನಿ ಏನಾದರು? ಅದೇ ತಿಂಗಳು ಜರ್ಮನಿಯ ಬಯರ್ನ್ ಮ್ಯೂನಿಕ್‌ನವರು ಕರೆದುಕೊಂಡು ಹೋದರು, ಮೊದಲ ವರ್ಷವೇ ಅಲ್ಲಿನ ಲೀಗ್ ಬುಂಡೆಸ್‌ಲಿಗಾ ಗೆದ್ದರು. ಟೀಮು ಮುಳುಗಿದರೂ ಫಿಲಾಸಫಿ ತೇಲುತ್ತದೆ. ತರುಣನ ಕೈಗೆ ಇದಕ್ಕಿಂತ ದೊಡ್ಡ ಅಸ್ತ್ರ ಬೇಕೆ.

ರಾಯರ ಪ್ರತ್ಯಸ್ತ್ರ ಸ್ಟೋಕ್ ಸಿಟಿ. 2008ರಲ್ಲಿ ಮೇಲೆ ಬಂದ, ಮ್ಯಾನೇಜರ್ ಟೋನಿ ಪ್ಯೂಲಿಸ್‌ನ ಸ್ಟೋಕ್‌ಗೆ ಪಾಸಿನ ಗೊಡವೆಯೇ ಇರಲಿಲ್ಲ. ರೋರಿ ಡೆಲಾಪ್ ಗೆರೆಯಾಚೆಯಿಂದ ಎರಡು ಕೈಯಲ್ಲಿ ಎಸೆದರೆ ಚೆಂಡು ನೇರ ಆರು ಗಜಕ್ಕೆ. ಒದ್ದೆ ಚೆಂಡು ಒರೆಸಲು ಗೆರೆಯ ಬಳಿ ಟವೆಲ್ಲು. ಎದುರಾಳಿಗಳ ಅವಸ್ಥೆ ಎಲ್ಲಿಗೆ ಬಂತೆಂದರೆ, ಹಲ್ ಸಿಟಿಯ ಕೀಪರ್ ಬೋವಾಜ್ ಮೈಹಿಲ್ ಒಮ್ಮೆ ಥ್ರೋ-ಇನ್ ಕೊಡುವುದಕ್ಕಿಂತ ಕಾರ್ನರ್ ಕೊಡುವುದೇ ವಾಸಿ ಎಂದು ಚೆಂಡನ್ನು ತನ್ನದೇ ಗೋಲಿನ ಪಕ್ಕಕ್ಕೆ ಒದ್ದು ಹಾಕಿದ. ಅದೇ ಪಂದ್ಯದಲ್ಲಿ ಹಲ್‌ನ ಬದಲಿ ಆಟಗಾರ ಡೀನ್ ವಿಂಡಾಸ್ ಡೆಲಾಪ್ ಎಸೆಯುವ ಜಾಗದ ಎದುರಿಗೇ ನಿಂತು ವಾರ್ಮಪ್ ಶುರು ಮಾಡಿ, ಮೈದಾನಕ್ಕಿಳಿಯದೆಯೇ ಹಳದಿ ಕಾರ್ಡ್ ಪಡೆದ. ನೋಡಲು ಚೆಂದವಿಲ್ಲ, ಒಪ್ಪಿಕೊಳ್ಳೋಣ. ಆದರೆ ಸ್ಟೋಕ್ ಆ ವರ್ಷ 12ನೇ ಸ್ಥಾನಕ್ಕೆ ಬಂತು, ಹತ್ತು ಸೀಸನ್ ಮೇಲೇ ಉಳಿಯಿತು. ಈ ಜಗಳದಲ್ಲಿ ಮಾತ್ರ ನನ್ನ ಮತ ರಾಯರಿಗೆ. ಆದರೂ ಇಯಾನ್ ಹಾಲೊವೆಯ ಬ್ಲ್ಯಾಕ್‌ಪೂಲ್ ನೆನಪಾದರೆ ಮನಸ್ಸು ಸ್ವಲ್ಪ ಅಲ್ಲಾಡುತ್ತದೆ: 2010-11ರಲ್ಲಿ 55 ಗೋಲು ಹೊಡೆದು, 78 ತಿಂದು, 39 ಪಾಯಿಂಟ್‌ಗೆ ಇಳಿದರು. ಹಾಗೆ ನಕ್ಕುಕೊಂಡು ಮುಳುಗಿದವರು ಕಡಿಮೆ.

ಇಷ್ಟಕ್ಕೂ ಇಳಿದರೆ ಅಷ್ಟೊಂದು ಭಯ ಯಾಕೆ? ದುಡ್ಡು. ಇಳಿದವರಿಗೆ ಪ್ಯಾರಾಚೂಟ್ ಹಣ ಅಂತ ಸಿಗುತ್ತದೆ. ಲೀಗಿನ ಟಿವಿ ಹಣದಲ್ಲಿ ಎಲ್ಲರಿಗೂ ಸಮನಾಗಿ ಹಂಚುವ ಭಾಗದ ಶೇ 55 ಮೊದಲ ವರ್ಷ, ಶೇ 45 ಎರಡನೇ ವರ್ಷ, ಶೇ 20 ಮೂರನೇ ವರ್ಷ. ಮೇಲೆ ಒಂದೇ ಸೀಸನ್ ಇದ್ದು ಇಳಿದವರಿಗೆ ಮೂರನೇ ಕಂತು ಇಲ್ಲ. ಆ ಹಣದ ಬಲದಲ್ಲೇ ಇಳಿದವರು ಮತ್ತೆ ಹತ್ತುವುದು, ಹತ್ತಿ ಮತ್ತೆ ಇಳಿಯುವುದು. 2024ರಲ್ಲಿ ಮೇಲೆ ಬಂದ ಮೂವರೂ ಇಳಿದರು. ಅದಕ್ಕೆ ಹಿಂದಿನ ವರ್ಷ ಬಂದ ಮೂವರೂ ಇಳಿದಿದ್ದರು. 2025ರಲ್ಲಂತೂ ಏಪ್ರಿಲ್ 26ಕ್ಕೇ ಮೂರೂ ತೀರ್ಮಾನವಾಗಿ, ಮೇ 25ರ ಕೊನೆಯ ದಿನ ರಾಯರ ಪೆನ್ನಿಗೆ ಕೆಲಸವೇ ಇರಲಿಲ್ಲ. ಪ್ಯಾರಾಚೂಟ್ ಇದ್ದರೂ ನೆಲಕ್ಕೆ ಅಪ್ಪಳಿಸಿದವರುಂಟು: ಲೂಟನ್ ಮರುವರ್ಷವೇ ಇನ್ನೂ ಒಂದು ಮೆಟ್ಟಿಲು ಇಳಿದು ಮೂರನೇ ಹಂತಕ್ಕೆ ಹೋಯಿತು. ರಾಯರು ಆಗ ಮೌನವಾಗಿದ್ದರು, ಪಾಪ. ಆದರೆ ಸಂಡರ್‌ಲೆಂಡ್ ಪ್ಲೇ-ಆಫ್ ಗೆದ್ದು ಮೇಲೆ ಬಂದು, ಗ್ರಾನಿಟ್ ಜಾಕಾನನ್ನು ಕೊಂಡು, ಆಗಸ್ಟ್ 16ಕ್ಕೆ ವೆಸ್ಟ್ ಹ್ಯಾಮನ್ನು 3-0ರಲ್ಲಿ ಬಗ್ಗುಬಡಿದ ಸಂಜೆ ಮತ್ತೆ ಜೀವ ಬಂತು: "ಇನ್ನು 37 ಸಾಕು!"

ಸಿಟ್ಟು ಬರುವುದು ಇಲ್ಲೇ. ಐದು ಸಾವಿರ ಮೈಲಿ ದೂರದ ಲೂಟನ್‌ಗೆ ಮರುಗುವ ಈ ಊರಿನಲ್ಲಿ ಎಸ್‌ಸಿ ಬೆಂಗಳೂರು ಅನ್ನುವ ಟೀಮಿದೆ. ದೇಶದ ಮೂರನೇ ಹಂತದ ಐ-ಲೀಗ್ 2 ಗೆದ್ದು 2024-25ರಲ್ಲಿ ಎರಡನೇ ಹಂತದ ಐ-ಲೀಗ್‌ಗೆ ಹತ್ತಿತು, ಅದೇ ಸೀಸನ್‌ನಲ್ಲಿ ಇಳಿಯಿತು. ಪ್ರಮೋಶನ್, ಶೈಲಿ, ರೆಲಿಗೇಶನ್, ಎಲ್ಲವೂ ಮನೆಬಾಗಿಲಲ್ಲೇ ನಡೆದುಹೋದವು. ಯಾವ ಬಿಲ್ಲಿನ ಹಿಂದೆಯೂ ಲೆಕ್ಕ ಬೀಳಲಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮುಂಚೆ ಗೆದ್ದದ್ದು 1968-69ರಲ್ಲಿ, ಆಗಿನ್ನೂ ಮೈಸೂರು ರಾಜ್ಯ. ಐವತ್ತು ಚಿಲ್ಲರೆ ವರ್ಷ ಕಾದ ಕಪ್ಪು ಬಂದ ವಾರವೂ ಚರ್ಚೆ ನಡೆದದ್ದು ಬೋರ್ನ್‌ಮತ್ ಉಳಿಯುತ್ತಾ ಎಂದು. (ಉಳಿಯಿತು, 39ಕ್ಕೆ.)

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಜಿಲ್ಲಾ ಲೀಗ್ ನಡೆಯುತ್ತದೆ, ಸೂಪರ್ ಡಿವಿಷನ್‌ನಿಂದಲೂ ಟೀಮುಗಳು ಇಳಿಯುತ್ತವೆ, ಬನ್ನಿ ಎಂದು ಕರೆದು ನೋಡಿ. ರಾಯರು ಬರುವುದಿಲ್ಲ. ಮಧ್ಯಾಹ್ನ ಬಿಸಿಲಂತೆ. ತರುಣನಿಗೆ ಬಿಸಿಲಿನ ತಕರಾರಿಲ್ಲ. ಅಲ್ಲಿ ಕೀಪರ್‌ಗಳು ಉದ್ದಕ್ಕೆ ಒದೆಯುತ್ತಾರಂತೆ.