ತಾಲ್ಲೂಕು ರಂಗಮಂದಿರಕ್ಕೆ ಬೇಕಿರುವುದು ಒಂದು ಪಟ್ಟಿ

ಅಮೆರಿಕದ ಓಹಾಯೋ ರಾಜ್ಯದಲ್ಲಿ ನಾನಿರುವ ಪಟ್ಟಣ ನಮ್ಮ ಕಡೆಯ ಹೋಬಳಿ ಕೇಂದ್ರದಷ್ಟೇ ಇದೆ. ಆದರೂ ಬೇಸಿಗೆ ಮುಗಿಯುವ ಹೊತ್ತಿಗೆ ಊರ ರಂಗಮಂದಿರದ ಮುಂದಿನ ಕಾರ್ಯಕ್ರಮಗಳ ಪಟ್ಟಿ ಮನೆಮನೆಗೆ ಬಂದು ಸೇರುತ್ತದೆ. ಯಾವ ಶನಿವಾರ ಯಾವ ಸಿನಿಮಾ, ಯಾವ ವಾರ ಸಂಗೀತ ಕಚೇರಿ, ಊರವರೇ ಆಡುವ ನಾಟಕ ಎಂದು, ಶಾಲಾ ಮಕ್ಕಳ ಪ್ರದರ್ಶನ ಎಂದು, ಎಲ್ಲವೂ ಮುಂದಿನ ಮೇ ತಿಂಗಳವರೆಗೆ ಅದರಲ್ಲಿರುತ್ತದೆ. ಜನ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಮಗಳ ಮನೆಗೆ ಯಾವ ವಾರ ಹೋಗುವುದೆಂದು ತೀರ್ಮಾನಿಸುವಾಗ ಅದರತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ.

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇಲ್ಲದಿರುವುದು ಈ ಪಟ್ಟಿ. ಕಟ್ಟಡಗಳು ಎಷ್ಟೋ ಊರುಗಳಲ್ಲಿವೆ. ಸರ್ಕಾರದ ದುಡ್ಡಿನಲ್ಲಿ ಎದ್ದು ನಿಂತ ರಂಗಮಂದಿರವನ್ನು ಕೇಳಿದವರಿಗೆ ಬಾಡಿಗೆಗೆ ಕೊಡುತ್ತಾರೆ. ಯಾರೂ ಕೇಳದಿದ್ದರೆ ಬೀಗ ಹಾಕಿರುತ್ತಾರೆ. ಮುಂದಿನ ತಿಂಗಳು ಅಲ್ಲಿ ಏನಿದೆ ಎಂದು ಊರಿನಲ್ಲಿ ವಿಚಾರಿಸಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಅದನ್ನು ಯೋಚಿಸಬೇಕಾದ ಹೊಣೆ ಯಾರ ಮೇಲೂ ಇಲ್ಲ. ಬಾಗಿಲು ತೆಗೆಯುವವರಿದ್ದಾರೆ, ಬಾಡಿಗೆ ರಸೀದಿ ಬರೆಯುವವರಿದ್ದಾರೆ, ಊರಿಗೆ ಏನು ತೋರಿಸೋಣ ಎಂದು ಕೂತು ಮಾತಾಡುವವರಿಲ್ಲ.

ನನ್ನ ಮೇಜಿನ ಮೇಲೆ ಎರಡು ಕಾಗದಗಳಿವೆ. ಒಂದು ಇಲ್ಲಿನ ಪಟ್ಟಿ. ಪ್ರತಿ ನಾಟಕದ ಹೆಸರು ದಪ್ಪ ಅಕ್ಷರದಲ್ಲಿದೆ. ಕೆಳಗೆ ಎರಡು ಸಾಲಿನ ಕಥೆ, ಎಷ್ಟು ಹೊತ್ತಿನ ಪ್ರದರ್ಶನ, ಎಷ್ಟು ವಯಸ್ಸಿನ ಮಕ್ಕಳನ್ನು ಕರೆತರಬಹುದು, ಗಾಲಿಕುರ್ಚಿಯವರಿಗೆ ಯಾವ ಬಾಗಿಲು ಎಂಬ ವಿವರ. ಹಣ ಕೊಟ್ಟವರ ಹೆಸರುಗಳು ಕೊನೆಯ ಪುಟದಲ್ಲಿ. ಇನ್ನೊಂದು, ಗೆಳೆಯರೊಬ್ಬರು ಊರಿನಿಂದ ಕಳಿಸಿದ ನಾಟಕದ ಆಹ್ವಾನ ಪತ್ರಿಕೆ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು ಎಂದು ಮುಕ್ಕಾಲು ಭಾಗ ಹೆಸರುಗಳು. ಅಡಿಯಲ್ಲಿ ‘ನಂತರ ನಾಟಕ’ ಎಂದಷ್ಟೇ ಇದೆ. ಆ ‘ನಂತರ’ ಎಷ್ಟು ಗಂಟೆಗೆ ಎಂದು ಬರೆದಿಲ್ಲ. ತಿಂಗಳುಗಟ್ಟಲೆ ತಾಲೀಮು ಮಾಡಿ, ಬಣ್ಣ ಹಚ್ಚಿಕೊಂಡು ತೆರೆಯ ಹಿಂದೆ ಕಾದು ನಿಂತವರ ಶ್ರಮಕ್ಕೆ ಆ ಕಾಗದದಲ್ಲಿ ಜಾಗವಿಲ್ಲದಿರುವುದು ನನಗೆ ನಿಜಕ್ಕೂ ನೋವುಂಟುಮಾಡುತ್ತದೆ.

ಸಿನಿಮಾದ ವಿಷಯವೂ ಹೀಗೆಯೇ. 2013ರ ಸುಮಾರಿಗೆ ಅಮೆರಿಕದ ವಿತರಕರು 35 ಎಂಎಂ ರೀಲುಗಳನ್ನು ಕೈಬಿಡತೊಡಗಿದಾಗ ಸಣ್ಣ ಊರಿನ ಒಂಟಿ ಪರದೆಯ ಚಿತ್ರಮಂದಿರಗಳಿಗೆ ಕುತ್ತಿಗೆಗೆ ಬಂತು. ಡಿಜಿಟಲ್ ಪ್ರೊಜೆಕ್ಟರಿಗೆ 60,000 ಡಾಲರಿಗೂ ಹೆಚ್ಚು ಬೇಕಾಗುತ್ತಿತ್ತು. ಎಷ್ಟೋ ಕಡೆ ಬಾಗಿಲು ಮುಚ್ಚಿತು. ಎಷ್ಟೋ ಕಡೆ ಊರವರು ಚಂದಾ ಎತ್ತಿ ಉಳಿಸಿಕೊಂಡರು. ಈಗ ಅಲ್ಲಿ ಟಿಕೆಟ್ ಹರಿಯುವವರೂ ಪಾಪ್‌ಕಾರ್ನ್ ತುಂಬಿಕೊಡುವವರೂ ನಿವೃತ್ತ ಶಿಕ್ಷಕರು, ಕಾಲೇಜು ಹುಡುಗರು, ಸಂಬಳವಿಲ್ಲದೆ. ಅದೇ ಪರದೆಯ ಮೇಲೆ ನ್ಯೂಯಾರ್ಕಿನ ಗೀತನಾಟಕ ಸಂಸ್ಥೆ ಮೆಟ್ರೊಪಾಲಿಟನ್ ಒಪೆರಾ 2006ರಿಂದ ಕಳಿಸುತ್ತಿರುವ ನೇರ ಪ್ರಸಾರವೂ ಕೆಲವೆಡೆ ಬರುತ್ತದೆ. ನಮ್ಮ ಊರುಗಳಲ್ಲಿ ಟಾಕೀಸು ಮುಚ್ಚಿ ಕಲ್ಯಾಣ ಮಂಟಪವಾದಾಗ ನಾವು ಮರುಗಿದೆವು, ಅಷ್ಟೇ. ಅದು ಮಾಲೀಕರ ಆಸ್ತಿ, ಅವರ ಇಷ್ಟ ಎಂದುಕೊಂಡೆವು.

ಹಾಗೆಂದು ಇಲ್ಲಿನದೆಲ್ಲ ಮೇಲು ಎಂದು ನಾನು ಒಪ್ಪುವುದಿಲ್ಲ. ಟಿಕೆಟ್ಟು ಮತ್ತು ದಾನಿಗಳನ್ನು ನಂಬಿ ಬದುಕುವ ರಂಗಮಂದಿರಕ್ಕೆ ಅಂಜಿಕೆ ಜಾಸ್ತಿ. ಎಲ್ಲರಿಗೂ ಗೊತ್ತಿರುವ ಸಂಗೀತ ನಾಟಕಗಳು, ಹಳೆಯ ಪ್ರಸಿದ್ಧ ಬ್ಯಾಂಡುಗಳ ಹಾಡನ್ನೇ ಮತ್ತೆ ಹಾಡುವ ತಂಡಗಳು, ಡಿಸೆಂಬರ್ ಬಂದರೆ ಕ್ರಿಸ್‌ಮಸ್ ಕಥೆ. ಹೊಸ ನಾಟಕ ಅಪರೂಪ. ಈ ವಿಷಯದಲ್ಲಿ ನಮ್ಮ ಹೆಗ್ಗೋಡು ತೋರಿದ ಧೈರ್ಯದ ಹತ್ತಿರಕ್ಕೂ ಇವರು ಬರಲಾರರು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ, ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ ರಂಗಮಂದಿರ ಕಟ್ಟಿತು, ಅಡಿಕೆ ತೋಟದವರಿಗೆ ಜಗತ್ತಿನ ಸಿನಿಮಾ ತೋರಿಸಿತು, ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ ಶುರುವಾದ ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ ಶೇಕ್ಸ್‌ಪಿಯರನನ್ನೂ ಕಾಳಿದಾಸನನ್ನೂ ತಾಲ್ಲೂಕು ಕೇಂದ್ರಗಳಿಗೆ ಕೊಂಡೊಯ್ದಿದೆ. ಸಾಣೇಹಳ್ಳಿಯ ನಾಟಕ ತಂಡ ಶಿವಸಂಚಾರವೂ ಹಾಗೆಯೇ ಊರೂರು ಸುತ್ತುತ್ತದೆ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಗಂತೂ ಪಟ್ಟಿಯೇ ಬೇಕಿಲ್ಲ. ಬನದ ಹುಣ್ಣಿಮೆ ಬಂತೆಂದರೆ ನಾಟಕ ಕಂಪನಿಗಳು ಥಿಯೇಟರು ಹಾಕುತ್ತವೆ ಎಂಬುದು ಸುತ್ತಲಿನ ಊರಿಗೆಲ್ಲ ಗೊತ್ತು, ಜನ ಗಾಡಿ ಮಾಡಿಕೊಂಡು ಬರುತ್ತಾರೆ. ಅಲ್ಲಿ ಅಜ್ಜಿಯೂ ಮೊಮ್ಮಗನೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಇಲ್ಲಿ ನಾನು ಕಾಣುವುದು ಹೆಚ್ಚಾಗಿ ನರೆತ ತಲೆಗಳನ್ನೇ.

ಅಂದರೆ ನೋಡುವ ಜನ ನಮ್ಮಲ್ಲಿದ್ದಾರೆ, ಆಡುವ ತಂಡಗಳಿವೆ, ಬಹಳ ಕಡೆ ಸೂರೂ ಇದೆ. ಇವನ್ನು ಜೋಡಿಸುವ ಐದಾರು ಜನರ ಸಮಿತಿಯೊಂದು ಪ್ರತಿ ತಾಲ್ಲೂಕಿನಲ್ಲೂ ಬೇಕು. ಅದರಲ್ಲಿ ಕನ್ನಡ ಮೇಷ್ಟ್ರು, ಬ್ಯಾಂಕಿನವರು, ಹವ್ಯಾಸಿ ತಂಡದ ಹುಡುಗಿಯರು ಇರಲಿ, ರಾಜಕಾರಣಿಗಳು ಬೇಡ. ಬಾಡಿಗೆಯ ಮದುವೆ, ಸಮಾರಂಭಗಳು ನಡೆಯುತ್ತಲೇ ಇರಲಿ. ತಿಂಗಳ ಎರಡು ಶನಿವಾರಗಳನ್ನು ಮಾತ್ರ ಊರಿಗೆಂದು ಎತ್ತಿಡಲಿ. ಒಂದು ಶನಿವಾರ ಸಿನಿಮಾ, ಇನ್ನೊಂದರಲ್ಲಿ ತಿರುಗಾಟದ ನಾಟಕವೋ, ಗಾಯನವೋ, ಪ್ರೌಢಶಾಲೆಯ ಮಕ್ಕಳ ಪ್ರದರ್ಶನವೋ. ನಾಲ್ಕು ತಿಂಗಳದ್ದು ಮೊದಲೇ ನಿಶ್ಚಯವಾಗಿ ಬಸ್ ನಿಲ್ದಾಣದ ಗೋಡೆಯ ಮೇಲೆ, ಗ್ರಂಥಾಲಯದಲ್ಲಿ, ಎಲ್ಲರ ಮೊಬೈಲಿನಲ್ಲಿ ಕಾಣಿಸಬೇಕು. ಟಿಕೆಟ್ಟು ಇರಲೇಬೇಕು, ಕಡಿಮೆ ದರದ್ದಾದರೂ ಸರಿ. ಬಿಟ್ಟಿ ಪ್ರದರ್ಶನ ಕಲಾವಿದರ ಹೊಟ್ಟೆಯ ಮೇಲೆ ಹೊಡೆಯುತ್ತದೆ.

ವೇಳೆಯ ವಿಷಯದಲ್ಲಿ ಮಾತ್ರ ಇಲ್ಲಿನದನ್ನು ಹಾಗೆಯೇ ಎತ್ತಿಕೊಳ್ಳಲಾಗದು. ಇಲ್ಲಿ ಎಲ್ಲರೂ ಕಾರಿನಲ್ಲಿ ಬರುವವರು, ಹತ್ತು ಗಂಟೆಗೆ ಬಿಟ್ಟರೂ ಚಿಂತೆಯಿಲ್ಲ. ನಮ್ಮಲ್ಲಿ ಹಳ್ಳಿಯಿಂದ ಬಂದವರು ಕೊನೆಯ ಬಸ್ಸನ್ನು ನೆನೆದು ನಾಟಕದ ನಡುವೆಯೇ ಏಳುತ್ತಾರೆ. ಆದ್ದರಿಂದ ಭಾಷಣಗಳಿಲ್ಲದೆ ಆರಕ್ಕೆ ತೆರೆ ಸರಿಯಬೇಕು, ಎಂಟೂವರೆಗೆ ಮುಗಿಯಬೇಕು. ಯಾವ ಹಳ್ಳಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದು ನಾಟಕದ ಹೆಸರಿನ ಪಕ್ಕದಲ್ಲೇ ಅಚ್ಚಾಗಿರಬೇಕು.