“ಓಡ್ತಾ ಓಡ್ತಾ ಸರಿಹೋಗುತ್ತೆ” ಅಂದವರಿಗೆ

ಎಂಟೇ ನಿಮಿಷ. ಟ್ರೆಡ್‌ಮಿಲ್ ಹತ್ತಿ ಎಂಟು ನಿಮಿಷಕ್ಕೆ ಹೋದ ವಾರ ಸ್ಟಾಪ್ ಒತ್ತಿ ಇಳಿದುಬಿಟ್ಟೆ. ಪಕ್ಕದ ಬೆಂಚಿನಲ್ಲಿ ಕೂತು ಸಾಕ್ಸ್ ಕೆಳಗೆ ಸರಿಸಿ, ಮೊಣಕಾಲ ಕೆಳಗಿನ ಮೂಳೆಯ ಒಳಅಂಚನ್ನ ಹೆಬ್ಬೆರಳಲ್ಲಿ ಒತ್ತುತ್ತಾ ಬಂದೆ. ಒಂದು ಗೇಣು ಉದ್ದಕ್ಕೂ ಎಲ್ಲಿ ಮುಟ್ಟಿದರೂ ಕಣ್ಣಲ್ಲಿ ನೀರು.

ಮೂರು ವಾರದ ಹಿಂದೆಯೇ ಟ್ರೇನರ್‌ಗೆ ಹೇಳಿದ್ದೆ. ಕಾಲು ನೋಡಲೂ ಇಲ್ಲ. “ಹೊಸದರಲ್ಲಿ ಎಲ್ಲರಿಗೂ ಹೀಗೇ, ಓಡ್ತಾ ಓಡ್ತಾ ಸರಿಹೋಗುತ್ತೆ” ಅಂದರು. ನಂಬಿದೆ. ಸರಿಹೋಗ್ತಿದೆ ಅಂತಲೂ ಅನ್ನಿಸ್ತಿತ್ತು. ಶುರುವಿನಲ್ಲಿ ನೋವು, ಮೈ ಬಿಸಿಯಾದ ಮೇಲೆ ಮಾಯ. ಶಿನ್ ಸ್ಪ್ಲಿಂಟ್, ಅಂದರೆ ಓಟದ ಏಟಿಗೆ ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ಬರೋ ಈ ನೋವು, ಮೊದಮೊದಲು ಹೀಗೇ ಯಾಮಾರಿಸುತ್ತಂತೆ, ಇದು ನನಗೆ ಗೊತ್ತಾಗಿದ್ದು ಮೊನ್ನೆ ಡಾಕ್ಟರ್ ಹತ್ತಿರ. ಈಗ ಓಟ ನಿಲ್ಲಿಸಿದರೂ ನೋವು ನಿಲ್ಲಲ್ಲ. ಬೆಳಗ್ಗೆ ಮೆಟ್ಟಿಲಿಳಿಯೋಕೆ ಕಂಬಿ ಹಿಡೀಬೇಕು.

ಮೊದಲ ವಾರ 10 ನಿಮಿಷ ಓಡ್ತಿದ್ದವಳನ್ನ ಮೂರನೇ ವಾರಕ್ಕೆ 40 ನಿಮಿಷಕ್ಕೆ ಎಳೆದರಲ್ಲ, ಅದು ಯಾವ ಲೆಕ್ಕ? ದಮ್ಮು ಬೇಗ ಕೂಡುತ್ತೆ, ಮೂಳೆ ಗಟ್ಟಿಯಾಗೋಕೆ ವಾರಗಟ್ಟಲೆ ಬೇಕು. ಅದು ಹೇಳಿಕೊಡೋರ ಕೆಲಸ ಅಲ್ವಾ?

“ಟ್ರೆಡ್‌ಮಿಲ್ ಮೆತ್ತಗಿರುತ್ತೆ, ಅದರಲ್ಲೆಂಥ ನೋವು” ಅನ್ನೋರನ್ನ ಕಂಡರೆ ಮೈ ಉರಿಯುತ್ತೆ. ಹೊರಗೆ ಓಡುವಾಗ ಸುಸ್ತಾದರೆ ಕಾಲು ತಾನಾಗೇ ನಿಧಾನವಾಗುತ್ತೆ, ತಿರುವು ಬಂದರೆ ಹೆಜ್ಜೆ ಬದಲಾಗುತ್ತೆ. ಬೆಲ್ಟಿಗೆ ನನ್ನ ಸುಸ್ತು ಗೊತ್ತಿಲ್ಲ. ಅದೇ ವೇಗ, ಅದೇ ಹೆಜ್ಜೆ, ಮೂಳೆಯ ಅದೇ ಜಾಗಕ್ಕೆ ಸಾವಿರ ಸಲ ಏಟು. ನಾನೋ ಕಾಲನ್ನ ಮುಂದಕ್ಕೆ ಚಾಚಿ ಚಾಚಿ, ಹಿಮ್ಮಡಿಯನ್ನ ಧಪ್ ಧಪ್ ಅಂತ ಊರ್ತಿದ್ದೆ. ಆ ಸದ್ದು ಇಡೀ ಹಾಲಿಗೆ ಕೇಳಿಸ್ತಿತ್ತು! ಹೆಜ್ಜೆ ಚಿಕ್ಕದು ಮಾಡು, ಬೇಗ ಬೇಗ ಇಡು, ಪಾದ ಮೈಯ ಕೆಳಗೇ ಬೀಳಲಿ ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಶೂ ತಿರುಗಿಸಿ ನೋಡಿದ್ದೂ ಡಾಕ್ಟರೇ. ಅಟ್ಟೆ ಒಳಬದಿಗೆ ಪೂರ್ತಿ ಸವೆದಿದೆ.

ಎಲ್ಲಕ್ಕಿಂತ ಭಯ ಆಗಿದ್ದು ಆಮೇಲೆ ಡಾಕ್ಟರ್ ಹೇಳಿದ ಮಾತಿಗೆ. ಹೀಗೆ ಉದ್ದಕ್ಕೂ ನೋಯೋ ಬದಲು ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ, ರಾತ್ರಿ ಸುಮ್ಮನೆ ಮಲಗಿದ್ದಾಗಲೂ ನೋಯ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದಂತೆ. ಅದು ಶುರುವಿನಲ್ಲಿ ಎಕ್ಸ್‌ರೇಗೂ ಕಾಣದೇ ಇರಬಹುದಂತೆ. ನನಗೆ ಅಲ್ಲಿವರೆಗೆ ಹೋಗಿಲ್ಲ. ಆದರೆ ಇನ್ನೆರಡು ವಾರ ಹಲ್ಲುಕಚ್ಚಿ ಓಡಿದ್ದರೆ? ಹಲ್ಲುಕಚ್ಚು ಅಂತ ತಾನೇ ಟ್ರೇನರ್ ಹೇಳ್ತಿದ್ದದ್ದು!

ಈಗ ಓಟ ಪೂರ್ತಿ ಬಂದ್. ದಿನಕ್ಕೆ ಮೂರು ಸಲ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಐಸ್. ನೋವು ಇಳಿದ ಮೇಲೆ ತುದಿಗಾಲಲ್ಲಿ ಎದ್ದು ಇಳಿದು ಮೀನಖಂಡ ಗಟ್ಟಿ ಮಾಡ್ಕೊಂಡು, ನಡಿಗೆಯಿಂದ ಮತ್ತೆ ಶುರು. ವಾರಗಟ್ಟಲೆ ಕಷ್ಟಪಟ್ಟು ಹಿಡಿದ ಅಭ್ಯಾಸ, ಎಷ್ಟು ಖುಷಿಯಿಂದ ಹೋಗ್ತಿದ್ದೆ ನಾನು.

ಇವತ್ತು ಸಂಜೆ ಅದೇ ಟ್ರೇನರ್ ಮೆಸೇಜ್ ಬಂತು. “ಗ್ಯಾಪ್ ಕೊಡಬೇಡಿ ಮೇಡಂ, ಸ್ಟ್ಯಾಮಿನಾ ಹೋಗುತ್ತೆ.” ಕಾಲು ಹೇಗಿದೆ ಅಂತ ಒಂದು ಮಾತಿಲ್ಲ.