ಆಚೆ ಬದಿಯಲ್ಲಿ ಕೂತಿರೋದು ಯಾರು?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ಕೂತು ಬ್ಯಾಂಕ್ ನಿಫ್ಟಿ ಆಪ್ಷನ್ ಆಡಿದೆ. ಬ್ಯಾಂಕ್ ಷೇರುಗಳ ಸೂಚ್ಯಂಕ ಏರುತ್ತೋ ಇಳಿಯುತ್ತೋ ಅಂತ ಕಟ್ಟುವ ಬಾಜಿ ಅದು, ಎಕ್ಸ್‌ಪೈರಿ ದಿನ ಬಂದರೆ ಮುಗೀತು. 180 ರೂಪಾಯಿಗೆ ತಗೊಂಡಿದ್ದೆ. ಕರೆಂಟ್ ಹೋಯ್ತು, ಟವರೂ ಸತ್ತಿತು. ಛತ್ರಿ ಹಿಡಿದು ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತಿ ನೋಡಿದರೆ 60 ರೂಪಾಯಿ. ಇಂಬಳ ಬೇರೆ ಕಾಲಿಗೆ ಹತ್ತಿತ್ತು.

ರೇಟು ಇಷ್ಟಕ್ಕಿಳಿದರೆ ತಾನಾಗೇ ಮಾರು ಅನ್ನೋ ಸ್ಟಾಪ್‌ಲಾಸ್ ಹಾಕದೆ ಇದ್ದದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಚಿಕ್ಕಪ್ಪ ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗಲಿಲ್ಲ. "ನೀನು ತಗೊಂಡೆ ಸರಿ ಮಾರಾಯ, ಕೊಟ್ಟವನು ಯಾರು?"

ಚಿಕ್ಕಪ್ಪ ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿದವರು. ಅಲ್ಲಿ ಖರೀದಿದಾರ ಬಂದು ಚೀಲಕ್ಕೆ ಕೈ ಹಾಕುತ್ತಾನೆ, ನಾಲ್ಕು ಅಡಿಕೆ ಒಡೆದು ನೋಡುತ್ತಾನೆ, ಆಮೇಲೆ ಟೆಂಡರ್ ಬರೆಯುತ್ತಾನೆ. ರೇಟು ಸರಿ ಬರಲಿಲ್ಲ ಅಂದರೆ "ಇವತ್ತು ಬೇಡ, ಇರ್ಲಿ" ಅಂತ ಹೇಳಿ ಮನೆಗೆ ಬರಬಹುದು. ಚೀಲದಲ್ಲಿರೋ ರಾಶಿ ಅಡಿಕೆಗೆ ಎಕ್ಸ್‌ಪೈರಿ ಇಲ್ಲ ಅಲ್ವಾ?

ನನ್ನ ಆಟದಲ್ಲಿ ಆಚೆ ಬದಿ ಇದ್ದದ್ದು ಬಹುಶಃ ಮನುಷ್ಯನೇ ಅಲ್ಲ. ದೊಡ್ಡ ಟ್ರೇಡಿಂಗ್ ಕಂಪನಿಗಳು ಬಾಡಿಗೆ ಕಟ್ಟಿ ತಮ್ಮ ಕಂಪ್ಯೂಟರನ್ನು ಎಕ್ಸ್‌ಚೇಂಜಿನ ಪಕ್ಕದಲ್ಲೇ ಇಡುತ್ತವೆ, ಅದಕ್ಕೆ ಕೋ-ಲೊಕೇಶನ್ ಅಂತಾರೆ. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅವು ಸಾವಿರ ಆರ್ಡರ್ ಹಾಕಿ, ವಾಪಸ್ ತಗೊಂಡು, ಮತ್ತೆ ಹಾಕಿರುತ್ತವೆ. ನಾನಿನ್ನೂ ಗುಡ್ಡ ಹತ್ತುತ್ತಿರುತ್ತೇನೆ.

2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಲೆಕ್ಕ ಕೊಟ್ಟಿತು. ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ನಮ್ಮಂಥವರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿಗೂ ಜಾಸ್ತಿ. ಅದೇ 2023-24ರಲ್ಲಿ ಸ್ವಂತ ದುಡ್ಡಲ್ಲಿ ಟ್ರೇಡ್ ಮಾಡುವ ಸಂಸ್ಥೆಗಳು ಖರ್ಚು ಕಳೆಯುವ ಮೊದಲು 33,000 ಕೋಟಿ ಗಳಿಸಿದವು, ವಿದೇಶಿ ಹೂಡಿಕೆದಾರರು 28,000 ಕೋಟಿ. ಆ ಲಾಭದಲ್ಲಿ ನೂರಕ್ಕೆ 96-97 ಪಾಲು ಅಲ್ಗೊ, ಅಂದರೆ ತಾನಾಗೇ ಆರ್ಡರ್ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಓಡಿಸುವವರದ್ದು. ಕೊಟ್ಟವನು ಯಾರು ಅಂತ ಚಿಕ್ಕಪ್ಪನಿಗೆ ಹೇಳಲು ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

2025ರ ಜುಲೈನಲ್ಲಿ ಅಮೆರಿಕದ ಟ್ರೇಡಿಂಗ್ ಕಂಪನಿ ಜೇನ್ ಸ್ಟ್ರೀಟ್ ಸೂಚ್ಯಂಕವನ್ನೇ ಬೇಕಂತ ಏರಿಳಿಸಿತು ಅಂತ ಅದರ ಮೇಲೆ ಸೆಬಿ ಮಧ್ಯಂತರ ಆದೇಶ ಹೊರಡಿಸಿ 4,843 ಕೋಟಿ ಜಪ್ತಿಗೆ ಹೇಳಿತಲ್ಲ, ಅದೂ ಬ್ಯಾಂಕ್ ನಿಫ್ಟಿ ಆಟವೇ. ಕಂಪನಿ ಆರೋಪ ಒಪ್ಪಿಲ್ಲ. ಅದು ಬೇರೆ ಕತೆ ಬಿಡಿ, ಯಾರೂ ಮೋಸ ಮಾಡದಿದ್ದರೂ ಈ ಓಟದಲ್ಲಿ ನಾವು ಗೆಲ್ಲಲ್ಲ.

ಹಾಗಂತ ಮೆಷಿನ್ ಬೇಡ ಅನ್ನುವವನಲ್ಲ ನಾನು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ (ಎನ್‌ಎಸ್‌ಇ) ಕಂಪ್ಯೂಟರ್ ಸ್ಕ್ರೀನ್ ವ್ಯವಹಾರ ತಂದಿದ್ದಕ್ಕೇ ಇವತ್ತು ಮಲೆನಾಡಲ್ಲಿ ಕೂತವನಿಗೂ ಮುಂಬೈಯವನಿಗೆ ಸಿಗುವ ರೇಟೇ ಸಿಗುತ್ತದೆ. ಷೇರು ತಗೊಂಡು ಹತ್ತು ವರ್ಷ ಇಟ್ಟುಕೊಳ್ಳುವವನಿಗೆ ಮೈಕ್ರೋಸೆಕೆಂಡ್ ಕಟ್ಟಿಕೊಂಡು ಏನಾಗಬೇಕು?

ಅಕ್ಕನ ಮಗ ಶಿವಮೊಗ್ಗದಲ್ಲಿ ಯಾವುದೋ ಟ್ರೇಡಿಂಗ್ ಕ್ಲಾಸಿಗೆ ಫೀಸು ಕಟ್ಟಿ ಬಂದಿದ್ದಾನೆ. ಆ 93ರ ಲೆಕ್ಕ ಅಲ್ಲಿ ಯಾರೂ ಹೇಳಿಲ್ಲವಂತೆ. "ಮಾವ, ಮೂರು ಸ್ಕ್ರೀನ್ ಬೇಕು, ಆಗ ಸ್ಪೀಡ್ ಸಿಗುತ್ತೆ" ಅಂದ. ಒಂದು ಟಾರ್ಚು, ಒಂದು ಛತ್ರಿ ಕೊಡಿಸ್ತೀನಿ ಅಂದಿದ್ದೇನೆ.